ಸೊರಬದ ಶೇಷಪ್ಪ ಕಡಲಡಿಗೆ ಇಳಿದದ್ದು

ಸೊರಬದ ಗುಡಿಗಾರ ಶೇಷಪ್ಪ, ಅಣ್ಣ ಸತ್ತಾಗ ಅಳಲಿಲ್ಲ. ಊರು ಇದನ್ನು ಬಹಳ ದಿನ ಆಡಿಕೊಂಡಿತು. ಅಣ್ಣತಮ್ಮಂದಿರಿಗೆ ಆಗಿಬರುತ್ತಿರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಅವರು ಒಂದೇ ಚಾಪೆಯ ಮೇಲೆ ಎದುರುಬದುರು ಕೂತು ಒಂದೇ ಗಂಧದ ತುಂಡನ್ನು ಕೆತ್ತುತ್ತಿದ್ದವರು. ಮೈ, ಕೈ, ಸೀರೆಯ ನೆರಿಗೆ ಇವೆಲ್ಲ ಅಣ್ಣ ಗೋಪಾಲಪ್ಪನವು. ಮುಖ ಮಾತ್ರ ಶೇಷಪ್ಪನದು. ಅಣ್ಣ ಕುತ್ತಿಗೆಯವರೆಗೆ ಮುಗಿಸಿ ತುಂಡನ್ನು ಈಚೆ ತಳ್ಳುತ್ತಿದ್ದ, ತಮ್ಮ ಮಾತಿಲ್ಲದೆ ಎತ್ತಿಕೊಳ್ಳುತ್ತಿದ್ದ. ಮದುವೆಯ ಕಾಲ ಬಂದಾಗ ಇಬ್ಬರೂ ಗಂಧವನ್ನು ಬದಿಗಿಟ್ಟು, ಗೋಪಾಲಪ್ಪನ ಹೆಂಡತಿ ವನಜಮ್ಮನ ಜೊತೆ ಸೇರಿ ಬೆಂಡಿನ ಬಾಸಿಂಗ ಕಟ್ಟುತ್ತಿದ್ದರು. ಆಗಲೂ ಬಣ್ಣ ಹಾಕುವ ಕೆಲಸ ಶೇಷಪ್ಪನದೇ.

೧೯೫೭ರ ಬೇಸಿಗೆಯಲ್ಲಿ ಕ್ಯಾಸನೂರು ಕಡೆಯ ಕಾಡಿನಲ್ಲಿ ಮಂಗಗಳು ಮರದಿಂದ ಬಿದ್ದು ಸಾಯತೊಡಗಿದವು. ಆಮೇಲೆ ಸೌದೆಗೆ, ಸೊಪ್ಪಿಗೆ ಹೋದ ಜನ ಮಲಗತೊಡಗಿದರು. ಗೋಪಾಲಪ್ಪ ಮರ ನೋಡಲೆಂದು ಆ ಕಡೆ ಹೋಗಿ ಬಂದಿದ್ದ. ಜ್ವರ ಬಂತು, ಕಣ್ಣು ಕೆಂಡದ ಹಾಗಾಯಿತು, ವಸಡಿನಲ್ಲಿ ರಕ್ತ ಕಂಡಿತು. ಅದಕ್ಕೆ ಇನ್ನೂ ಸರಿಯಾದ ಹೆಸರಿರಲಿಲ್ಲ. ಜನ ಮಂಗನ ಕಾಯಿಲೆ ಎಂದರು. ಶೇಷಪ್ಪ ಪಕ್ಕದಲ್ಲೇ ಕೂತು ಹಣೆಯ ಒದ್ದೆ ಬಟ್ಟೆ ಬದಲಿಸಿದ. ಉಸಿರು ನಿಂತ ಮೇಲೆ ಅಣ್ಣನ ಮುಖ ಒರೆಸಿದ. ಸುಟ್ಟು ಬಂದು, ಸ್ನಾನ ಮಾಡಿ, ಹಾಕಿದ್ದನ್ನು ಉಂಡ. ಸೂತಕ ಕಳೆದ ಮಾರನೆಯ ದಿನ, ಅಣ್ಣ ಕುತ್ತಿಗೆಯವರೆಗೆ ಮಾಡಿಟ್ಟಿದ್ದ ಸರಸ್ವತಿಯನ್ನು ಎತ್ತಿಕೊಂಡು ಮುಖ ಕೆತ್ತಿ ಮುಗಿಸಿದ. ಒಳ್ಳೆಯ ಮುಖವೇ ಬಂತು.

"ಕಲ್ಲು ಕಣ್ರೀ ಅವ," ಅಂದರು ಜನ.

ವನಜಮ್ಮ ಆ ಮನೆಗೆ ಸೊಸೆಯಾಗಿ ಬಂದಾಗ ಶೇಷಪ್ಪ ಇನ್ನೂ ಚಡ್ಡಿ ಹಾಕುತ್ತಿದ್ದ; ತಾಯಿಯಿಲ್ಲದ ಅವನಿಗೆ ಅನ್ನ ಹಾಕಿ ಬೆಳೆಸಿದವಳು ಅವಳೇ. ಬೆಕ್ಕು ಅಳಿಲನ್ನು ಕಚ್ಚಿಕೊಂಡು ಹೋದರೂ ಅತ್ತುಕೊಂಡು ಬರುತ್ತಿದ್ದವನು ಎನ್ನುವುದು ಅವಳಿಗೆ ಗೊತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಹಾಕುವುದು ಮರೆತಿತ್ತು. ಅವನು ಸುಮ್ಮನೆ ಉಂಡು ಎದ್ದ.

"ಉಪ್ಪಿಲ್ಲ ಅಂತ ಹೇಳಬಾರ್ದೇನೋ ಶೇಷ?" ಅಂದಳು.

"ಇರ್ಲಿಲ್ವ?" ಅಂದ. ಆಮೇಲೆ ಕೈ ತೊಳೆದು ಬಂದು ಬಾಗಿಲ ಬಳಿ ನಿಂತು ಹೇಳಿದ: "ಅತ್ಗೆ, ಕಾಲು ಮಡಚಿ ಬಹಳ ಹೊತ್ತು ಕೂತ್ರೆ ಜೋಮು ಹಿಡೀತದಲ್ಲ. ನಂಗೆ ಹಂಗಾಗ್ಯದೆ."

"ಎಲ್ಲಿ? ಕಾಲಲ್ಲಾ?"

"ಎಲ್ಲಾ ಕಡೆ."

ಅವಳು ಎಲೆ ತೆಗೆದಳು. ಅದಕ್ಕೆ ಏನು ಮದ್ದು ಎಂದು ಅವಳಿಗೂ ಗೊತ್ತಿರಲಿಲ್ಲ. ತನ್ನ ಅಳುವನ್ನೇ ಅವಳು ಹಿತ್ತಿಲ ಬಾವಿಯ ಹತ್ತಿರ, ನೀರು ಸೇದುವ ಸದ್ದಿನಲ್ಲಿ ಮುಗಿಸಿಕೊಳ್ಳುತ್ತಿದ್ದಳು.

ಹೀಗೆ ಒಂದೂವರೆ ವರ್ಷ ಕಳೆಯಿತು. ೧೯೫೮ರ ದೀಪಾವಳಿ ಮುಗಿದ ಮೇಲೆ ಒಂದು ದಿನ ಶಿಕಾರಿಪುರದಿಂದ ಪರಮಶಿವಪ್ಪ ಎಂಬುವರು ಅವರ ಮನೆ ಹುಡುಕಿಕೊಂಡು ಬಂದರು. ಶಿಕಾರಿಪುರದ ಪೇಟೆಯಲ್ಲಿ ಭತ್ತದ ವ್ಯಾಪಾರ ಮಾಡುವ ಲಿಂಗಾಯತರ ಮನೆಯ ಮಗ. ಪ್ರಾಣಿಶಾಸ್ತ್ರ ಓದಿ, ಕರಾವಳಿಯಲ್ಲಿ ಸಮುದ್ರದ ಜೀವಿಗಳನ್ನು ನೋಡಿ ಬರೆಯುವ ಕೆಲಸದಲ್ಲಿದ್ದರು. ಮನೆಗೆ ಬಂದಾಗಲೆಲ್ಲ ತಾಯಿ ಸರ್ವಮಂಗಳಮ್ಮ ಮಗನನ್ನು ಹಿತ್ತಿಲಲ್ಲೇ ನಿಲ್ಲಿಸಿ, ತಲೆಗೆ ನೀರು ಹಾಕಿಸಿ, ಆಮೇಲೆ ಒಳಗೆ ಬಿಡುತ್ತಿದ್ದರಂತೆ. ಪೇಟೆಯವರು ಅವರನ್ನು 'ಮೀನಿನ ಮೇಷ್ಟ್ರು' ಎಂದು ಕರೆಯುತ್ತಿದ್ದರು. ಅವರು ಮೀನು ತಿನ್ನುವುದಿರಲಿ, ಬೆಳ್ಳುಳ್ಳಿಯನ್ನೂ ಮುಟ್ಟುತ್ತಿರಲಿಲ್ಲ.

ಬಂದವರು ಚಾಪೆಯ ಮೇಲೆ ಕೂತರು. ಅದು ಗೋಪಾಲಪ್ಪ ಕೂರುತ್ತಿದ್ದ ತುದಿ. ವನಜಮ್ಮ ಕಾಫಿ ಹಿಡಿದು ಬಂದವಳು ಒಂದು ಗಳಿಗೆ ನಿಂತಳು, ಮತ್ತೆ ಲೋಟ ಇಟ್ಟು ಒಳಗೆ ಹೋದಳು. ಪರಮಶಿವಪ್ಪ ಚೀಲದಿಂದ ಒಂದು ಗಾಜಿನ ಭರಣಿ ತೆಗೆದರು. ಒಳಗೆ ಸ್ಪಿರಿಟ್ಟಿನಲ್ಲಿ ಏನೋ ಬೆಳ್ಳಗೆ ಮುಳುಗಿತ್ತು. ಸಿಪ್ಪೆ ಸುಲಿದ ಬಾಳೆಕಾಯಿಗೆ ಎರಡು ಕಣ್ಣು ಅಂಟಿಸಿ, ತುದಿಗೆ ಹತ್ತು ಹುರಿ ಕಟ್ಟಿದ ಹಾಗೆ.

"ಇಂಗ್ಲಿಷಿನಾಗೆ ಸ್ಕ್ವಿಡ್ ಅಂತಾರೆ. ಮಂಗಳೂರು ಕಡೆ ಬೊಂಡಾಸ," ಅಂದರು. "ಇದು ಆಳದಾಗಿರೋ ಜಾತಿ. ಬದುಕಿರೋವಾಗ ಹಿಂಗಿರೋದಿಲ್ಲಪ್ಪ. ಗಳಿಗೆಗೊಂದು ಬಣ್ಣ ತಿರುಗ್ತೈತೆ. ಬಲೆಯಾಗೆ ಹಿಡಿದು ಮೇಲೆ ತರೋದ್ರೊಳಗೆ ಚಿಂದಿ ಆಗಿರ್ತೈತೆ. ಉಳಿದದ್ದು ಹಿಂಗೆ ಬಿಳುಚಿಕೊಳ್ತೈತೆ."

ಹೊರದೇಶದ ಒಂದು ಹಡಗು ಆ ಚಳಿಗಾಲ ಕಾರವಾರದಿಂದ ಬಹಳ ಆಚೆ, ಆಳ ಸಮುದ್ರದಲ್ಲಿ ನಿಲ್ಲುವುದಿತ್ತು. ಹಡಗಿನಲ್ಲಿ ಕಬ್ಬಿಣದ ಒಂದು ದೊಡ್ಡ ಗುಂಡು. ಒಳಗೆ ಇಬ್ಬರು ಕೂರಬಹುದು. ಅದನ್ನು ಉಕ್ಕಿನ ಹಗ್ಗದಲ್ಲಿ ಕೆಳಗೆ ಬಿಡುತ್ತಾರೆ. ಕೂತವರು ದಪ್ಪ ಗಾಜಿನ ಕಿಂಡಿಯಿಂದ ನೋಡುತ್ತಾರೆ. ಆ ಕತ್ತಲೆಯಲ್ಲಿ ಕ್ಯಾಮರಾ ಹಿಡಿದರೆ ಕಪ್ಪು-ಬಿಳುಪು ಮಸುಕು ಬಿಟ್ಟು ಬೇರೇನೂ ಬರುವುದಿಲ್ಲ. ಹಡಗಿನವರ ಚಿತ್ರಕಾರ ಕಾಯಿಲೆ ಬಿದ್ದು ಊರಿಗೆ ಹೋಗಿದ್ದ. ಪರಮಶಿವಪ್ಪನವರಿಗೆ ತಮ್ಮ ತಂಗಿಯ ಮದುವೆಗೆ ಈ ಮನೆಯಿಂದ ಬಂದಿದ್ದ ಬಾಸಿಂಗದ ಬಣ್ಣ ನೆನಪಾಗಿತ್ತು.

"ನಾನು ಕೆಳಗಿಂದ ಫೋನಿನಾಗೆ ಹೇಳ್ತೀನಿ. ನೀನು ಮೇಲೆ ಕೂತು ಬರೀಬೇಕು."

"ನೋಡದೇ?" ಅಂದ ಶೇಷಪ್ಪ.

"ಸರಸ್ವತೀನ ನೋಡಿ ಕೆತ್ತೀಯೇನು?"

ಶೇಷಪ್ಪ ಭರಣಿಯನ್ನು ಬೆಳಕಿಗೆ ತಿರುಗಿಸಿ ನೋಡಿದ. "ಆಗ್ಲಿ," ಅಂದ.

"ಸಮುದ್ರ ಕಂಡೀಯೇನು?"

"ಇಲ್ರೀ."

"ಹೆದರಿಕೆ?"

"ಇಲ್ರೀ."

ಬೇರೆ ಯಾರಾದರೂ ಹಾಗೆ ಅಂದಿದ್ದರೆ ಧೈರ್ಯವಂತ ಎನ್ನಬಹುದಿತ್ತು. ವನಜಮ್ಮ ಒಳಗಿನಿಂದ ಕೇಳಿಸಿಕೊಂಡಳು. ರಾತ್ರಿ ಅವನ ಬಟ್ಟೆ ಮಡಚಿಡುವಾಗ, "ಹೋಗ್ಬಾ. ಇಲ್ಲಿ ಗೋಡೆ ನೋಡ್ಕೊಂಡು ಕೂರೋದಕ್ಕಿಂತ ನೀರು ನೋಡ್ಕೊಂಡು ಕೂತ್ಕೋ," ಎಂದಳು. ನೆಂಟರ ಹುಡುಗಿ ತಾಯಮ್ಮನನ್ನು ಜೊತೆಗೆ ಕರೆಸಿಕೊಂಡು ಮನೆಯಲ್ಲಿ ಉಳಿದಳು.

ಶಿರಸಿ ಹಾದು, ಘಟ್ಟ ಇಳಿದು ಅವರಿಬ್ಬರೂ ಕಾರವಾರ ಮುಟ್ಟಿದರು. ಸಮುದ್ರ ಕಂಡಾಗ ಶೇಷಪ್ಪನಿಗೆ ದೊಡ್ಡದಿದೆ ಎನ್ನಿಸಿತು, ಅಷ್ಟೇ. ದೋಣಿಯಲ್ಲಿ ಹೋಗಿ ಹಡಗು ಹತ್ತಿದರು. ಹಡಗು ದಡ ಕಾಣದಷ್ಟು ದೂರ ಹೋಗಿ ನಿಂತಿತು. ಪರಮಶಿವಪ್ಪ ತಂದಿದ್ದ ಅವಲಕ್ಕಿ, ಚಟ್ನಿಪುಡಿಯಲ್ಲಿ ಇಬ್ಬರೂ ಕಾಲ ಹಾಕಿದರು. ಹಡಗಿನ ಜನ ಕೆಂಪು ಮುಖದವರು. ಕೈಸನ್ನೆಯಲ್ಲೇ ಶೇಷಪ್ಪನಿಗೆ ನಗುತ್ತಾ ಬ್ರೆಡ್ಡು ಕೊಡುತ್ತಿದ್ದರು. ಅವನು ತೆಗೆದುಕೊಳ್ಳುತ್ತಿದ್ದ.

ಗುಂಡು ಇಳಿಯುವುದು ಹಗಲಿನಲ್ಲೇ. ಪರಮಶಿವಪ್ಪನವರೂ ಆ ದೇಶದ ಒಬ್ಬ ಪಂಡಿತನೂ ಮಂಡಿ ಮಡಚಿ ಒಳಗೆ ತೂರಿಕೊಂಡರೆ, ಹೊರಗಿನಿಂದ ಬಾಗಿಲನ್ನು ಬೋಲ್ಟು ಹಾಕಿ ಬಿಗಿಯುತ್ತಿದ್ದರು. ಗುಂಡು ನೀರಿಗೆ ಹೋದ ಮೇಲೆ ಮೇಲೆ ಕಾಣುವುದು ಹಗ್ಗ ಒಂದೇ. ಶೇಷಪ್ಪ ಹಲಗೆಯನ್ನು ತೊಡೆಯ ಮೇಲಿಟ್ಟು, ಕಿವಿಗೆ ಫೋನು ಕಟ್ಟಿಕೊಂಡು ಕೂರುತ್ತಿದ್ದ. ಎರಡು ಸಾವಿರ ಅಡಿ ಕೆಳಗಿನಿಂದ ಶಿಕಾರಿಪುರದ ಮಾತು ಬರುತ್ತಿತ್ತು.

"ಶೇಷಪ್ಪ, ಕೇಳ್ತೈತೇನೋ?"

"ಕೇಳ್ತದೆ ಹೇಳ್ರೀ."

"ಒಂದು ಬಂತು ನೋಡು. ಮೊಳ ಉದ್ದ ಐತೆ. ಈಜ್ತಾ ಇಲ್ಲ, ನಿಂತೈತೆ. ತಲೆ ಕೆಳಗೆ, ಬಾಲ ಮೇಲೆ, ಓರೆ. ಕೈಯೆಲ್ಲಾ ಹಿಂದಕ್ಕೆ ಮಡಚಿ ತಲೆ ಮೇಲೆ ಇಟ್ಕೊಂಡೈತೆ."

"ಅಳೋರ ಹಂಗಾ?"

"ಹಂಗೇ ಅನ್ನಪ್ಪ. ಈಗ ಕೆಂಪಾತು."

"ಯಾವ ಕೆಂಪು?"

"ಅಡಿಕೆ ಬೇಯಿಸಿದ ಚೊಗರು ಇರ್ತೈತಲ್ಲ, ಆ ಕೆಂಪು."

"ಹೊಸ ಚೊಗರಾ, ಕುದ್ದು ಗಟ್ಟಿಯಾಗಿದ್ದಾ?"

"ಕುದ್ದಿದ್ದು. ತಡಿ, ತಡಿ, ಹೋತು. ಈಗ ಬಣ್ಣಾನೇ ಇಲ್ಲ. ಗಾಜು ಗಾಜು. ಒಳಗಿನ ಕರುಳು ಕಾಣ್ತೈತೆ. ಮತ್ತೆ ಬಂತು ಚುಕ್ಕಿ ಚುಕ್ಕಿ, ಸಾಸಿವೆ ಚೆಲ್ಲಿದಂಗೆ."

ಶೇಷಪ್ಪ ಚಿತ್ರದ ಮೇಲೆ ಚಿತ್ರ ಬರೆದ. ಬೊಂಡಾಸ ಹೆದರಿ ಮಸಿ ಉಗುಳಿದರೆ ಆ ಮಸಿ ಹರಡದೆ ಬೊಂಡಾಸದ್ದೇ ಆಕಾರದಲ್ಲಿ ತೂಗಾಡುತ್ತದೆ, ನಿಜವಾದದ್ದು ಬಣ್ಣ ಕಳಚಿಕೊಂಡು ಓಡಿಹೋಗಿರುತ್ತದೆ ಎಂದು ಪರಮಶಿವಪ್ಪ ಹೇಳಿದರೆ ಅದನ್ನೂ ಬರೆದ. ಸಂಜೆ ಅವರು ಮೇಲೆ ಬಂದು, ಒದ್ದೆ ಕೂದಲು ಒರೆಸಿಕೊಳ್ಳುತ್ತಾ ಹಾಳೆಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಬಣ್ಣ ಸರಿ, ಅಳತೆ ಸರಿ. ಆದರೂ ಅವರ ಹುಬ್ಬು ಸಡಿಲವಾಗುತ್ತಿರಲಿಲ್ಲ.

"ತಪ್ಪೇನಿಲ್ಲಪ್ಪ. ಆದ್ರೆ ಇದು ಗುಡಿ ಬಾಗಿಲ ಮೇಲೆ ಕೂರಿಸೋ ಹಂಗೈತೆ. ಎಡಕ್ಕೆ ಐದು ಕೈ, ಬಲಕ್ಕೆ ಐದು ಕೈ. ಅದು ಹಂಗೆ ಭಂಗಿ ಕೊಟ್ಟು ನಿಲ್ಲೋದಿಲ್ಲ."

"ಕಣ್ಣಿಗೆ ಕಂಡಿಲ್ಲ ಅಲ್ರೀ," ಅಂದ ಶೇಷಪ್ಪ. ಬೇಸರದಿಂದ ಅಂದದ್ದಲ್ಲ.

ಜನವರಿಯಲ್ಲಿ ಒಂದು ದಿನ ಆ ಪಂಡಿತನಿಗೆ ಕಿವಿನೋವು ಬಂದು ಇಳಿಯಲಾಗಲಿಲ್ಲ. ಪರಮಶಿವಪ್ಪ ಹಡಗಿನ ಅಧಿಕಾರಿಯ ಹತ್ತಿರ ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿ ಬಂದು, "ಇವತ್ತು ನೀನು ಬಾ," ಅಂದರು. ಶೇಷಪ್ಪ ಅಂಗಿಯ ಮೇಲೆ ಅವರು ಕೊಟ್ಟ ಉಣ್ಣೆಯ ಅಂಗಿ ಹಾಕಿಕೊಂಡ. ಹಾಳೆ, ಸೀಸದಕಡ್ಡಿ ಹಿಡಿದು ಒಳಗೆ ತೂರಿದ. ಬೋಲ್ಟು ಬಿಗಿಯುವ ಸುತ್ತಿಗೆಯ ಏಟುಗಳು ತಲೆಯೊಳಗೇ ಬಿದ್ದ ಹಾಗೆ ಕೇಳಿದವು. ಈಗ ಹೆದರಿಕೆಯಾಗಬೇಕು ಎಂದು ಅವನು ಕಾದ. ಆಗಲಿಲ್ಲ.

ನೀರು ಮೊದಲು ಹಸಿರಾಗಿತ್ತು. ಆಮೇಲೆ ನೀಲಿ. ಆ ನೀಲಿಯನ್ನು ಯಾವ ಬಣ್ಣ ಬೆರೆಸಿದರೂ ತರಲಾಗದು ಎಂದುಕೊಂಡ. ಆಮೇಲೆ ನೀಲಿಯೂ ಹೋಗಿ ಕಿಂಡಿಯಲ್ಲಿ ಕತ್ತಲೆ ನಿಂತಿತು. ಗುಂಡಿನ ಒಳಮೈ ತಣ್ಣಗಾಗಿ ಬೆವರಿಟ್ಟು, ಹನಿಗಳು ಕುತ್ತಿಗೆಗೆ ಬೀಳತೊಡಗಿದವು. ಕತ್ತಲೆಯಲ್ಲಿ ಮೈ ಹೊಳೆಯುವ ಜೀವಿಗಳು ಕಿಡಿಗಳ ಹಾಗೆ ಹಾದುಹೋದವು. ಪರಮಶಿವಪ್ಪ ಪಿಸುಮಾತಿನಲ್ಲಿ ಒಂದೊಂದರ ಹೆಸರು ಹೇಳಿದರು. ಎರಡು ಸಾವಿರ ಅಡಿಯಲ್ಲಿ ಗುಂಡು ನಿಂತಿತು. ಅವರು ದೀಪ ಹಾಕಿದರು.

ಬಹಳ ಹೊತ್ತು ಏನೂ ಬರಲಿಲ್ಲ. ಬಿಳಿ ಧೂಳಿನಂಥದ್ದು ಮೇಲಿನಿಂದ ನಿಧಾನವಾಗಿ ಬೀಳುತ್ತಲೇ ಇತ್ತು. ನಂತರ ಬೆಳಕಿನ ಅಂಚಿನಲ್ಲಿ ಒಂದು ಬೊಂಡಾಸ ಕಂಡಿತು. ಬಂದದ್ದು ಕಾಣಲಿಲ್ಲ, ಇತ್ತು, ಅಷ್ಟೇ. ಓರೆಯಾಗಿ, ಕೈಗಳನ್ನು ತಲೆಯ ಮೇಲೆ ಎತ್ತಿ ಸುತ್ತಿಕೊಂಡು, ಎರಡು ಸಣ್ಣ ರೆಕ್ಕೆಗಳನ್ನು ಮಾತ್ರ ಬೀಸಣಿಗೆಯ ಹಾಗೆ ಆಡಿಸುತ್ತಾ ನಿಂತಿತ್ತು. ಒಂದು ಕಣ್ಣು ಇವರ ಕಡೆ. ದೊಡ್ಡ ಕಣ್ಣು. ಅದರಲ್ಲಿ ಸಿಟ್ಟಿಲ್ಲ, ಕುತೂಹಲವಿಲ್ಲ. ಶೇಷಪ್ಪ ಬರೆಯತೊಡಗಿದ. ಎಡಕ್ಕೆ ಮೂರು ಕೈ, ಬಲಕ್ಕೆ ನಾಲ್ಕು, ಉಳಿದವು ಒಂದರ ಹಿಂದೆ ಒಂದು ಅಡಗಿದ್ದವು. ಪರಮಶಿವಪ್ಪ ಅವನ ಭುಜದ ಮೇಲಿನಿಂದ ಹಾಳೆ ನೋಡಿ, "ಹಾಂ, ಇದು," ಅಂದರು.

ಹೊತ್ತಾದ ಮೇಲೆ ಮೇಲಕ್ಕೆ ಎಳೆಯಿರಿ ಎಂದು ಫೋನಿನಲ್ಲಿ ಹೇಳಿದರು. ಗುಂಡು ಒಂದು ಸಲ ಜಗ್ಗಿತು, ಸ್ವಲ್ಪ ಮೇಲೆ ಹೋಯಿತು, ಮತ್ತೆ ನಿಂತಿತು. ಫೋನಿನಲ್ಲಿ ಇಂಗ್ಲಿಷು ಗಡಿಬಿಡಿಯಾಗಿ ಕೇಳಿತು. ಪರಮಶಿವಪ್ಪ ಕೇಳಿಸಿಕೊಂಡರು. ಅವರ ಧ್ವನಿ ಬದಲಾಯಿತು.

"ಹಗ್ಗ ಸುತ್ತೋ ಯಂತ್ರದಾಗೆ ಏನೋ ಮುರಿದೈತಂತೆ. ಸರಿ ಮಾಡ್ತಾರಂತೆ. ಕಾಯ್ಬೇಕಂತೆ."

"ಕಾಯೋಣ," ಅಂದ ಶೇಷಪ್ಪ.

"ಗಾಳಿ ಐತೆ. ಸಾಕಷ್ಟು ಐತೆ," ಅಂದರು ಪರಮಶಿವಪ್ಪ. ಅದು ಅವರು ತಮಗೇ ಹೇಳಿಕೊಂಡದ್ದು. ಸ್ವಲ್ಪ ಹೊತ್ತಿಗೆ ಅವರ ಕೈ ಅಂಗಿಯೊಳಗೆ ಹೋಗಿ ಕೊರಳಿನ ಕರಡಿಗೆಯನ್ನು ಹಿಡಿದುಕೊಂಡಿತು. ಲಿಂಗವಿದ್ದ ಆ ಬೆಳ್ಳಿಯ ಕರಡಿಗೆ ಉಸಿರಿನ ಜೊತೆ ಮೇಲೆ ಕೆಳಗೆ ಆಗುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು, ಚಳಿಗಷ್ಟೇ ಅಲ್ಲ. ಇಷ್ಟು ಸಲ ಇಳಿದು ಬಂದವರಿಗೆ ಈ ಗುಂಡಿನ ಮೇಲೆ ಎಷ್ಟು ನೀರು ಕೂತಿದೆ ಎಂದು ಚೆನ್ನಾಗಿ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡರು.

"ಶೇಷಪ್ಪ, ಏನಾದ್ರೂ ಮಾತಾಡಪ್ಪ."

"ಏನು ಮಾತಾಡ್ಲಿ?"

"ಹೊರಗೆ ಏನೈತೆ, ಅದನ್ನ ಹೇಳು. ನನಗೆ ನೋಡಕ್ಕಾಗ್ವಲ್ದು."

ಶೇಷಪ್ಪ ಕಿಂಡಿಗೆ ಮುಖ ಒತ್ತಿದ. "ಅದೇ ಬೊಂಡಾಸ ಇನ್ನೂ ಅದೆ. ಹೋಗಿಲ್ಲ. ಕೈ ಇಳಿಸಿಲ್ಲ. ಮೈ ಗಾಜಿನ ಹಂಗೆ ಆಗ್ಯದೆ. ಈಗ ಇನ್ನೊಂದು ಬಂತು. ಚಿಕ್ಕದು. ಅದೇ ಜಾತಿ ಕಾಣ್ತದೆ."

"ಆಮೇಲೆ?"

"ಎರಡೂ ಎದುರುಬದುರು ನಿಂತಾವೆ. ದೊಡ್ಡದು ಚೊಗರು ಆಯ್ತು. ಚಿಕ್ಕದೂ ಆಯ್ತು. ಅದು ಹೆಂಗಾದ್ರೆ ಇದೂ ಹಂಗೆ ಆಗ್ತದೆ."

ಆಮೇಲೆ ಅವನು ಸುಮ್ಮನಾದ. ದೊಡ್ಡದರ ಎರಡು ಉದ್ದ ಕೈಗಳು ಕಣ್ಣಿಗೆ ಕಾಣದಷ್ಟು ಬೇಗ ಹೊರಬಂದು ಚಿಕ್ಕದನ್ನು ಎಳೆದುಕೊಂಡಿದ್ದವು. ಉಳಿದ ಕೈಗಳು ಹೂವು ಮುಚ್ಚಿಕೊಳ್ಳುವ ಹಾಗೆ ಅದರ ಸುತ್ತ ಮುಚ್ಚಿಕೊಂಡವು. ಗುದ್ದಾಟವಿರಲಿಲ್ಲ. ದೊಡ್ಡದು ಚಿಕ್ಕದರ ಕುತ್ತಿಗೆಯ ಹಿಂದೆ ಬಾಯಿ ಹಾಕಿ ತಿನ್ನತೊಡಗಿತು.

"ಯಾಕೆ ಸುಮ್ಮನಾದೆ? ಏನಾತು?"

"ತಿಂತಾ ಅದೆ," ಅಂದ ಶೇಷಪ್ಪ.

"ಯಾವುದನ್ನ?"

"ತನ್ನ ಜಾತೀದನ್ನೇ. ಕುತ್ತಿಗೆಯಿಂದ ಸುರು ಮಾಡ್ಯದೆ. ನಿಧಾನಕ್ಕೆ ತಿಂತದೆ. ಚಿಕ್ಕದಕ್ಕೆ ಇನ್ನೂ ಬಣ್ಣ ಬರ್ತಾ ಅದೆ. ಕೆಂಪಾಗ್ತದೆ, ಬಿಳಿಯಾಗ್ತದೆ, ಕೆಂಪಾಗ್ತದೆ. ಸತ್ತದೋ ಇಲ್ವೋ ಗೊತ್ತಾಗಲ್ಲ. ತಲೆ ಹತ್ರ ಏನೂ ಉಳಿದಿಲ್ಲ. ಬಾಲದಲ್ಲಿ ಬಣ್ಣ ಓಡಾಡ್ತಾನೇ ಅದೆ."

ಅವನು ಬರೆಯುತ್ತಲೇ ಹೇಳುತ್ತಿದ್ದ. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಪರಮಶಿವಪ್ಪ ಕಣ್ಣು ಮುಚ್ಚಿಕೊಂಡೇ ಆ ಧ್ವನಿಯನ್ನು ಹಿಡಿದುಕೊಂಡು ಕೂತರು. ಉಸಿರು ಹದಕ್ಕೆ ಬಂತು. ಮಧ್ಯದಲ್ಲಿ ಒಮ್ಮೆ ಅವರು, "ನಿನಗೆ ಅಣ್ಣ ಇದ್ದ ಅಲ್ಲೇನು? ಬಾಸಿಂಗ ತಂದು ಕೊಟ್ಟಾತ?" ಎಂದು ಕೇಳಿದರು.

"ಇದ್ದ. ಮಂಗನ ಕಾಯಿಲೇಲಿ ಹೋದ."

"ನನಗೆ ತಿಳಿದಿರಲಿಲ್ಲ."

"ಸಾಯೋವಾಗ ಅವನ ಕಣ್ಣು ನೋಡ್ತಾ ಕೂತಿದ್ದೆ. ಇದು ಯಾವ ಕೆಂಪು, ಏನು ಬೆರೆಸಿದ್ರೆ ಬರ್ತದೆ ಅಂತ ಮನಸ್ಸು ಹೇಳ್ತಾ ಇತ್ತು. ಬೇರೇನೂ ಹೇಳ್ಲಿಲ್ಲ." ಸ್ವಲ್ಪ ತಡೆದು, "ಈಗ್ಲೂ ಹಂಗೇ," ಅಂದ.

ಪರಮಶಿವಪ್ಪ ಕರಡಿಗೆ ಬಿಟ್ಟು, ಕತ್ತಲೆಯಲ್ಲಿ ಅವನ ಮಂಡಿಯ ಮೇಲೆ ಕೈ ಇಟ್ಟರು. ತಣ್ಣಗಿನ ಕೈ. ಆ ಕೈ ಅಲ್ಲಿದೆ ಎಂದು ಶೇಷಪ್ಪನಿಗೆ ತಿಳಿಯಿತು, ತೆಗೆಯಲಿಲ್ಲ.

ಗುಂಡು ಮತ್ತೆ ಜಗ್ಗಿದಾಗ ಹೊರಗೆ ಬೊಂಡಾಸ ಇರಲಿಲ್ಲ. ತುಂಡುಗಳು ಬಿಳಿ ಧೂಳಿನ ಜೊತೆ ಕೆಳಗೆ ಹೋಗುತ್ತಿದ್ದವು. ಕತ್ತಲೆ ನೀಲಿಯಾಯಿತು, ನೀಲಿ ಹಸಿರಾಯಿತು. ಬೋಲ್ಟು ಬಿಚ್ಚಿ ಹೊರಗೆಳೆದಾಗ ಪರಮಶಿವಪ್ಪನವರಿಗೆ ನಿಲ್ಲಲಾಗಲಿಲ್ಲ, ಇಬ್ಬರು ಹಿಡಿದುಕೊಂಡರು. ಹಡಗಿನವರು ಶೇಷಪ್ಪನ ಬೆನ್ನು ತಟ್ಟಿ ಏನೇನೋ ಅಂದರು.

"ಧೈರ್ಯಸ್ಥ ಅಂತಾರೆ ನಿನ್ನ," ಎಂದು ಪರಮಶಿವಪ್ಪ ಹೇಳಿದರು.

"ಅಲ್ಲ ಅಂತ ಹೇಳ್ರೀ. ನಂಗೆ ಏನೂ ಆಗ್ಲಿಲ್ಲ, ಅಷ್ಟೇ," ಅಂದ ಶೇಷಪ್ಪ. ಪರಮಶಿವಪ್ಪ ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದರೋ ಇಲ್ಲವೋ ಗೊತ್ತಿಲ್ಲ.

ಮಾರ್ಚಿ ಹೊತ್ತಿಗೆ ಅವನು ಸೊರಬಕ್ಕೆ ಹಿಂತಿರುಗಿದ. ಬಿಸಿಲಿಗೆ ಕಪ್ಪಾಗಿದ್ದ, ಅಷ್ಟೇ ಬದಲಾವಣೆ. ಕಡಲಡಿಗೆ ಹೋಗಿ ಬಂದವನನ್ನು ನೋಡಲು ಜನ ಬಂದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಸಿ ಕೇಳಿದರು. "ಕತ್ತಲೆ ಇರ್ತದೆ. ಚಳಿ ಇರ್ತದೆ," ಎನ್ನುತ್ತಿದ್ದ. ಜನಕ್ಕೆ ಬೇಸರ ಬಂತು. ವನಜಮ್ಮನಿಗೆ ಮಾತ್ರ ಎಲ್ಲವನ್ನೂ ಹೇಳಿದ, ಚಿಕ್ಕದನ್ನು ದೊಡ್ಡದು ತಿಂದದ್ದನ್ನೂ. ಅವಳು ಬೆಂಡನ್ನು ತೆಳ್ಳಗೆ ಸುರುಳಿ ಸುರುಳಿಯಾಗಿ ಕೊಯ್ಯುತ್ತಾ ಕೇಳಿದಳು.

"ತನ್ನದನ್ನೇ?"

"ಹೂಂ."

"ಹಸಿದಿತ್ತೇನೋ. ಅಷ್ಟು ಕತ್ತಲೇಲಿ ಮತ್ತೆ ಇನ್ಯಾವಾಗ ಏನು ಸಿಗ್ತದೋ ಅಂತ."

ಶೇಷಪ್ಪನಿಗೆ ಹಾಗೆ ತೋಚಿರಲಿಲ್ಲ. ಅವನು ಅದರ ಬಣ್ಣ ನೋಡಿದ್ದ, ಕೈ ನೋಡಿದ್ದ, ಹಸಿವು ನೋಡಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ಮದುವೆಯ ಮನೆಯೊಂದಕ್ಕೆ ಬಾಸಿಂಗ ಮುಟ್ಟಿಸಲು ಅವನು ಆನವಟ್ಟಿ ಬಸ್ಸು ಹತ್ತಿದ. ಜನ ಕಿಕ್ಕಿರಿದಿದ್ದರು. ಮೂಲೆಯ ಕಿಟಕಿಯ ಪಕ್ಕ ಸಿಕ್ಕಿಹಾಕಿಕೊಂಡು, ಬಾಸಿಂಗದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಬಸ್ಸು ಊರು ದಾಟಿ ಸ್ವಲ್ಪ ದೂರ ಹೋಗಿತ್ತು. ಏರಿನಲ್ಲಿ ಎಂಜಿನ್ನು ಗುರ್ ಎಂದು ನಿಂತುಹೋಯಿತು. ಡ್ರೈವರು ಇಳಿದು ಮುಚ್ಚಳ ತೆರೆದು ಸುತ್ತಿಗೆಯಿಂದ ಏನನ್ನೋ ಬಡಿದ.

ಆ ಏಟು ಶೇಷಪ್ಪನಿಗೆ ಮತ್ತೆ ತಲೆಯೊಳಗೇ ಬಿದ್ದ ಹಾಗೆ ಕೇಳಿತು. ಬೋಲ್ಟು, ಗುಂಡು, ತಲೆಯ ಮೇಲಿನ ಅಷ್ಟೂ ನೀರು, ಮುರಿದ ಯಂತ್ರ, ತೆಳ್ಳಗಿನ ಹಗ್ಗ. ಹಗ್ಗ ಹರಿದಿದ್ದರೆ ಅವರಿಬ್ಬರೂ ಆ ಕಬ್ಬಿಣದೊಳಗೆ ಕೂತಂತೆಯೇ ಕೆಳಗೆ ಹೋಗುತ್ತಿದ್ದರು, ತಳ ಮುಟ್ಟುವವರೆಗೆ. ಇದು ಅವನಿಗೆ ಈಗ, ಮೂರು ತಿಂಗಳು ಕಳೆದ ಮೇಲೆ, ಬಟ್ಟಬಯಲಿನ ಬಿಸಿಲಿನಲ್ಲಿ ತಿಳಿಯಿತು. ಬುಟ್ಟಿ ನಡುಗಿತು. "ಬಿಡ್ರೀ, ಇಳೀಬೇಕು," ಎನ್ನುತ್ತಾ ಜನರ ಕಾಲು ತುಳಿದುಕೊಂಡು ಕೆಳಗೆ ಧುಮುಕಿ, ರಸ್ತೆ ಬದಿಯಲ್ಲಿ ಕುಕ್ಕರಿಸಿದ. ಮೈಯೆಲ್ಲ ಬೆವರು. ಹಲ್ಲು ಕಟಕಟ ಎನ್ನುತ್ತಿತ್ತು. ಕಣ್ಣು ಕೆಂಪಾಗಿತ್ತು.

"ಮಂಗನ ಕಾಯಿಲೆ ಕಣ್ರೋ!" ಎಂದು ಬಸ್ಸಿನೊಳಗಿನಿಂದ ಯಾರೋ ಕೂಗಿದರು. ಇಳಿದು ನಿಂತಿದ್ದವರು ಹಿಂದೆ ಸರಿದರು. ಆ ಎರಡು ವರ್ಷ ಆ ಸೀಮೆಯಲ್ಲಿ ಚಳಿಜ್ವರದಿಂದ ನಡುಗುವವನನ್ನು ಕಂಡರೆ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಬಸ್ಸು ಹೊರಡಲು ಸಿದ್ಧವಾದಾಗ ಕಂಡಕ್ಟರು ಒಳಗೇ ಉಳಿದಿದ್ದ ಬುಟ್ಟಿಯನ್ನು ದೂರದಿಂದಲೇ ಅವನ ಕಡೆ ತಳ್ಳಿದ.

ದ್ಯಾಮಮ್ಮ ಎಂಬ ಮುದುಕಿ ಒಬ್ಬಳು ಮಾತ್ರ ಇಳಿದಳು. ಆನವಟ್ಟಿಗೆ ಮಗಳ ಮನೆಗೆ ಹೊರಟಿದ್ದವಳು. ಹತ್ತಿರ ಬಂದು ಅವನ ಹಣೆ ಮುಟ್ಟಿದಳು.

"ಬಿಸಿ ಇಲ್ಲ. ಜ್ವರ ಅಲ್ಲ ಇದು," ಎಂದು ಬಸ್ಸಿನ ಕಡೆ ತಿರುಗಿ ಕೂಗಿದಳು. ಬಸ್ಸು ಹೋಗಿಬಿಟ್ಟಿತು. "ಹೋಗ್ಲಿ ಬಿಡು, ಇನ್ನೊಂದು ಬರ್ತದೆ. ಯಾಕಪ್ಪ, ಏನಾಯ್ತು?"

"ಹೆದರಿಕೆ," ಅಂದ ಶೇಷಪ್ಪ. ಮಾತು ತುಂಡು ತುಂಡಾಗಿ ಬಂತು. "ಹೆದರಿಕೆ ಆಗ್ತದೆ ಅಮ್ಮ."

"ಯಾವುದಕ್ಕೆ?"

"ಸಮುದ್ರಕ್ಕೆ."

ಮುದುಕಿ ಸುತ್ತ ನೋಡಿದಳು. ಒಣಗಿದ ಗದ್ದೆ, ಕೂಳೆ, ಒಂದು ಬೇಲಿ. ಅವಳು ನಗಲಿಲ್ಲ. ಗಂಟಿನಿಂದ ಚೊಂಬು ತೆಗೆದು ನೀರು ಕುಡಿಸಿದಳು. ಬೇಲಿಯ ನೆರಳಿನಲ್ಲಿ ಅವನ ಪಕ್ಕ ಕೂತು ಎಲೆಅಡಿಕೆ ಹಾಕಿಕೊಂಡಳು. ನಡುಕ ಬಹಳ ಹೊತ್ತು ಇತ್ತು. ಇಳಿಯಿತು ಎನ್ನುವಾಗ ಮತ್ತೆ ಬರುತ್ತಿತ್ತು. ಅವಳು ಕೂತೇ ಇದ್ದಳು. ಇನ್ನೊಂದು ಬಸ್ಸು ಬಂದಾಗ ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕೂತಳು. ಬಾಸಿಂಗ ಮುಟ್ಟಬೇಕಾದ ಮನೆಗೆ ಮುಟ್ಟಿತು.

ಸಂಜೆ ಮನೆಗೆ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ವನಜಮ್ಮನಿಗೆ ಹೇಳಿದ. ಅವಳು ಒಲೆಯ ಸೌದೆ ಹಿಂದಕ್ಕೆಳೆದು, ತಿರುಗಿ ಅವನ ಮುಖವನ್ನು ನೋಡಿದಳು.

"ಈಗ ಆಯ್ತಾ?"

"ಹೂಂ. ಈಗ್ಲೂ ಅದೆ, ಇಲ್ಲಿ," ಎಂದು ಹೊಟ್ಟೆ ಮುಟ್ಟಿ ತೋರಿಸಿದ.

"ಇರ್ಲಿ," ಅಂದಳು ವನಜಮ್ಮ. ಅವನಿಗೆ ಊಟ ಬಡಿಸಿದಳು. ಉಪ್ಪಿಲ್ಲದ ಸಾರನ್ನೂ ಸುಮ್ಮನೆ ಉಂಡಿದ್ದವನು ಇವತ್ತು ಅರ್ಧ ಬಿಟ್ಟು ಎದ್ದ. ಅದನ್ನು ಕಂಡು ಅವಳಿಗೆ ಬೇಸರವಾಗಲಿಲ್ಲ.

ಆಮೇಲೆ ಅಳು, ದುಃಖ, ಬೇರೆಯದೇನೂ ಬಂದುಬಿಡಲಿಲ್ಲ. ಹೆದರಿಕೆ ಮಾತ್ರ ಬಂದಿತ್ತು, ಅದೂ ಆಗಾಗ. ಬಾವಿಗೆ ಬಗ್ಗಿ ನೋಡಲು ಅವನಿಗೆ ಆಗುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಮಲಗಲು ಆಗುತ್ತಿರಲಿಲ್ಲ. ಮಳೆಗಾಲದಲ್ಲೂ ಜಗುಲಿಯಲ್ಲೇ ಮಲಗಿದ. ಮಿಕ್ಕಂತೆ ಹಗಲು ಮೊದಲಿನ ಹಾಗೆಯೇ ಸಾಗಿತು. ಕೆತ್ತಿದ, ಬಣ್ಣ ಹಾಕಿದ, ಕೇಳಿದ್ದಕ್ಕೆ ಉತ್ತರ ಕೊಟ್ಟ.

ಆ ವರ್ಷ ಮಳೆ ನಿಂತ ಮೇಲೆ ಪರಮಶಿವಪ್ಪ ಮತ್ತೆ ಬಂದರು. ಚಿತ್ರಗಳು ಹಡಗಿನವರ ದೇಶದಲ್ಲಿ ಅಚ್ಚಿಗೆ ಹೋಗಿವೆ ಎಂದರು. ಒಂದನ್ನು ಬಿಟ್ಟರಂತೆ, ತಿನ್ನುತ್ತಿರುವುದನ್ನು. ಅರ್ಧ ತಿಂದ ಜೀವಿಯ ಬಾಲದಲ್ಲಿ ಬಣ್ಣ ಓಡಾಡುವುದು ನಂಬಲಾಗದ ಮಾತು ಎಂದು ಅಲ್ಲಿಯ ಯಾರೋ ಬರೆದಿದ್ದರಂತೆ.

"ನಾನಾದ್ರೂ ಕಣ್ಣು ಬಿಟ್ಟು ನೋಡಿದ್ರೆ ಜಗಳ ಆಡಬಹುದಿತ್ತು," ಅಂದರು ಪರಮಶಿವಪ್ಪ. ಆಮೇಲೆ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ಈ ಸಲಾನೂ ಹಡಗು ಬರ್ತೈತೆ. ಬರ್ತೀಯೇನಪ್ಪ?"

"ಇಲ್ರೀ," ಅಂದ ಶೇಷಪ್ಪ.

"ಯಾಕೆ?"

"ಹೆದರಿಕೆ ಆಗ್ತದೆ."

ಪರಮಶಿವಪ್ಪ ಅವನನ್ನು ನೋಡಿದರು. ಒಳಗೆ ವನಜಮ್ಮ ರೊಟ್ಟಿ ತಟ್ಟುವ ಸದ್ದು ನಿಂತಿತು.

"ನನಗೂ ಆಗ್ತೈತೆ," ಅಂದರು. "ಆದ್ರೂ ಹೋಗ್ತೀನಿ, ಏನು ಮಾಡ್ಲಿ. ನನ್ನ ಕೆಲಸ ಅದು."

"ಹೋಗಿ ಬನ್ನಿ. ಹಗ್ಗ ಚೆನ್ನಾಗಿ ನೋಡ್ಕೊಳ್ಳಿ ಅಂತ ಹೇಳ್ರೀ ಅವರಿಗೆ," ಅಂದ ಶೇಷಪ್ಪ. ಹೇಳುವಾಗ ಅವನ ಧ್ವನಿ ಸ್ವಲ್ಪ ಅದುರಿತು.

ಪರಮಶಿವಪ್ಪ ಊಟ ಮುಗಿಸಿಕೊಂಡೇ ಹೊರಟರು. ಶೇಷಪ್ಪ ಅವರ ಚೀಲ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಹೋದ. ಶಿಕಾರಿಪುರದ ಬಸ್ಸು ಬರುವುದು ತಡವಾಯಿತು. ಇಬ್ಬರೂ ಬೆಂಚಿನ ಮೇಲೆ ಕೂತು, ಭತ್ತದ ಗಾಡಿಗಳು ಹೋಗುವುದನ್ನು ನೋಡುತ್ತಾ ಕಾದರು.